ಮೂರನೆಯ ನೀರು

ಸೊಪ್ಪು ತೊಳೆಯುವುದು ನನಗೆ ಚೆನ್ನಾಗಿ ಬರುತ್ತದೆ ಎಂದು ನಂಬಿದ್ದೆ. ರೊಟ್ಟಿ ಬಡಿಯಲು ಬರುವುದಿಲ್ಲ, ಒಗ್ಗರಣೆ ಸೀಯಿಸುತ್ತೇನೆ, ಹಾಲು ಉಕ್ಕುವಾಗ ನಾನು ಪಕ್ಕದಲ್ಲೇ ನಿಂತು ಬೇರೇನನ್ನೋ ನೋಡುತ್ತಿರುತ್ತೇನೆ. ಆದರೆ ಭಾನುವಾರ ಮಧ್ಯಾಹ್ನದ ಹಸಿ ಸೊಪ್ಪಿನ ಕೆಲಸವನ್ನು ಮದುವೆಯಾದಾಗಿನಿಂದ ಹೆಂಡತಿಗೆ ಬಿಟ್ಟುಕೊಟ್ಟವನಲ್ಲ. ಅಡುಗೆಮನೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ.

ನಮ್ಮದು ಬಿಜಾಪುರದ ಕಡೆಯ ಮನೆತನ. ಜೋಳದ ರೊಟ್ಟಿಯ ಮಗ್ಗುಲಿಗೆ ಹಸಿ ಮೆಂತ್ಯವೋ ಈರುಳ್ಳಿ ತಪ್ಪಲೋ ಇಲ್ಲದಿದ್ದರೆ ಊಟಕ್ಕೆ ಕುಳಿತವರು ತಟ್ಟೆಯನ್ನು ಒಂದು ಗಳಿಗೆ ಸುಮ್ಮನೆ ನೋಡುತ್ತಾರೆ. ಚಳಿಗಾಲದಲ್ಲಿ ಹಕ್ಕರಕಿ ಬರುತ್ತದೆ. ಹೊಲದಲ್ಲಿ ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಹರಡುವ ಸೊಪ್ಪು ಅದು. ಎಲೆಯ ಅಂಚು ಗರಗಸದಂತೆ, ದಂಟು ಮುರಿದರೆ ಬಿಳಿ ಹಾಲು, ತಿಂದರೆ ತುಸು ಕಹಿ. ಅದನ್ನು ಬೇಯಿಸುವುದಿಲ್ಲ. ಶೇಂಗಾ ಹಿಂಡಿಯೆಂಬ ಚಟ್ನಿಪುಡಿ, ಗಟ್ಟಿ ಮೊಸರಿನೊಂದಿಗೆ ಹಸಿಯಾಗಿಯೇ ತಿನ್ನುತ್ತೇವೆ. ಸಹಕಾರನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯ ರೊಟ್ಟಿ ಅಂಗಡಿಗೆ ಶನಿವಾರ ಬೆಳಿಗ್ಗೆ ಊರ ಬಸ್ಸಿನಲ್ಲಿ ಹಕ್ಕರಕಿಯ ಕಟ್ಟುಗಳು ಬಂದಿಳಿಯುತ್ತವೆ. ಎಂಟಕ್ಕೆ ಹೋದರೆ ಸಿಕ್ಕೀತು, ಒಂಬತ್ತಕ್ಕೆ ಹೋದರೆ ನಮ್ಮ ಕಡೆಯ ಬೇರೆ ಯಾರೋ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗುವುದನ್ನು ನೋಡಬಹುದು.

ಹಕ್ಕರಕಿಯ ಬುಡದಲ್ಲಿ ಮಣ್ಣು ಕೂತಿರುತ್ತದೆ. ಅದಕ್ಕೆ ಮೂರು ನೀರು ಬೇಕು. ಮೊದಲನೆಯ ನೀರಿನಲ್ಲಿ ಸುಮ್ಮನೆ ಅಲುಗಿಸಿ ತೆಗೆಯುವುದು. ಎರಡನೆಯದರಲ್ಲಿ ಬುಡವನ್ನು ಹೆಬ್ಬೆರಳಿನಿಂದ ಬಿಡಿಸಿ ತೊಳೆಯುವುದು. ಮೂರನೆಯ ನೀರು ತೊಳೆಯುವುದಕ್ಕಲ್ಲ, ನೋಡುವುದಕ್ಕೆ: ಸೊಪ್ಪು ತೆಗೆದ ಮೇಲೆ ಬೋಗುಣಿಯ ತಳದಲ್ಲಿ ಮರಳು ಕಾಣದಿದ್ದರೆ ಮುಗಿಯಿತು. ಯಾವ ಕಾರಣಕ್ಕೂ ಸೊಪ್ಪಿನ ಸಮೇತ ನೀರು ಬಗ್ಗಿಸಬಾರದು. ಬಗ್ಗಿಸಿದರೆ ತಳದಲ್ಲಿ ಕೂತ ಮರಳು ಮತ್ತೆ ಎಲೆಯ ಮೇಲೆ ಬರುತ್ತದೆ. ಸೊಪ್ಪನ್ನು ಕೈಯಿಂದ ಎತ್ತಿ, ಆಮೇಲೆ ನೀರು ಚೆಲ್ಲಬೇಕು. ಕೊನೆಗೆ ಒಂದು ಎಲೆಯನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಚ್ಚುವುದು. ಕರ್ ಎಂದರೆ ಮೊದಲಿನಿಂದ ಶುರು.

ಇದನ್ನೆಲ್ಲ ನನಗೆ ಕಲಿಸಿದವಳು ಅವ್ವ. ಹಾಗೆಂದೇ ನನ್ನ ನೆನಪು. ನಾನಾಗ ಆರೋ ಏಳೋ ವರ್ಷದವನು. ಊರ ಮನೆಯ ಹಿತ್ತಿಲು, ಹೊತ್ತು ಮುಳುಗುವ ಸಮಯ, ನೀಲಿ ಅಂಚಿನ ಪಿಂಗಾಣಿ ಬೋಗುಣಿ. ಒದ್ದೆಯಾದ ತಣ್ಣನೆಯ ಕೈಯೊಂದು ನನ್ನ ಕುತ್ತಿಗೆಯ ಹಿಂಭಾಗವನ್ನು ಹಿಡಿದಿದೆ, ಇನ್ನೊಂದು ಕೈ ಎಲೆಯನ್ನು ಬಾಯಿಗೆ ಇಡುತ್ತಿದೆ. ಕಚ್ಚಿ ನೋಡು, ಮರಳು ಹತ್ತಿತೇನು ಹೇಳು. ನಾನು ಇಲ್ಲವೆಂದು ತಲೆ ಅಲ್ಲಾಡಿಸುತ್ತೇನೆ. ನೆನಪು ಅಷ್ಟೇ. ನೋವಾದಾಗ, ಬೇಸರವಾದಾಗ ಆ ಕೈ ನೆನಪಾಗುತ್ತದೆ. ಅದರಲ್ಲಿ ಮುಖವಿಲ್ಲ ಎಂಬುದನ್ನು ನಾನು ಎಂದೂ ಗಮನಿಸಿರಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಬಾಯಿಮಾತಿನ ಸಾಕ್ಷ್ಯವನ್ನು ಇನ್ನೊಂದು ಸಾಕ್ಷ್ಯದ ಜೊತೆ ಇಟ್ಟು ನೋಡದೆ ನಂಬಬೇಡಿ ಎಂದು ಹುಡುಗರಿಗೆ ಪ್ರತಿ ವರ್ಷ ಹೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಒಂಬತ್ತು ವರ್ಷ ನಮ್ಮ ಮನೆಯಲ್ಲೇ ಇದ್ದಳು. ಹೋದ ಕಾರ್ತಿಕದಲ್ಲಿ ತಮ್ಮ ತಣಿಸಂದ್ರದಲ್ಲಿ ಫ್ಲ್ಯಾಟ್ ಕೊಂಡ. ಗೃಹಪ್ರವೇಶಕ್ಕೆ ಹೋದವಳು ಎಂಟು ದಿನ ಇದ್ದು ಬರುತ್ತೇನೆಂದಳು. ಎಂಟು ಹದಿನೈದಾಯಿತು. ತಿಂಗಳಾಗುವ ಹೊತ್ತಿಗೆ ಫೋನ್ ಮಾಡಿ ತನ್ನ ಕೌದಿ ಕಳಿಸಲು ಹೇಳಿದಳು. ಔಷಧಿ ಕೇಳಿದ್ದರೆ, ಸೀರೆ ಕೇಳಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಹಳೆಯ ಸೀರೆಗಳನ್ನು ಸೇರಿಸಿ ತಾನೇ ಹೊಲಿದ ಆ ಕೌದಿಯನ್ನು ಅವ್ವ ನೆಂಟರ ಮನೆಗೆ ಎಂದೂ ಒಯ್ದವಳಲ್ಲ. ಅದು ಎಲ್ಲಿರುತ್ತದೋ ಅದು ಅವಳ ಮನೆ.

ಕೌದಿಯನ್ನು ನಾನೇ ಒಯ್ದೆ. ಕಳಿಸಬಹುದಿತ್ತು, ಆದರೆ ನೋಡಬೇಕಿತ್ತು. ಭಾನುವಾರದ ಊಟದ ಹೊತ್ತು. ಅವ್ವನ ತಟ್ಟೆಯಲ್ಲಿ ಹಕ್ಕರಕಿ ಗುಡ್ಡೆಯಾಗಿತ್ತು. ನಮ್ಮಲ್ಲಿ ಒಂದೂವರೆ ವರ್ಷದಿಂದ ಅವಳು ಹಸಿ ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸಿ, ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದು ಏಳುತ್ತಿದ್ದಳು. ಹಲ್ಲು ಹೋಗಿವೆ, ವಯಸ್ಸಾಯಿತು ಎಂದು ನಾನು ಎಲ್ಲರಿಗೂ ಹೇಳಿದ್ದೆ. ವಯಸ್ಸಾದವರ ಆಹಾರದ ಬಗ್ಗೆ ಓದಿಯೂ ಇದ್ದೆ. ಇಲ್ಲಿ ಅವಳು ಅದೇ ಹಲ್ಲಿನಲ್ಲಿ ಎರಡು ರೊಟ್ಟಿ ಮುಗಿಸಿ, ಇನ್ನೆರಡು ದಂಟು ಎತ್ತಿಕೊಂಡು, ತಮ್ಮನ ಕಡೆ ಕೈ ಮಾಡಿ ನನಗೆ ಅಂದಳು:

“ಏನ ಅನ್ನು, ಅಂವ ಪಲ್ಲೆ ಚಂದ ತೊಳೀತಾನ.”

ನಮ್ಮ ಕಡೆ ಸೊಪ್ಪಿಗೆ ಪಲ್ಲೆ ಎನ್ನುತ್ತಾರೆ. ಆ ಮಾತನ್ನು ಅವ್ವ ಮೊದಲು ನನ್ನ ಬಗ್ಗೆ ಹೇಳುತ್ತಿದ್ದಳು, ಬಂದವರೆದುರು, ನಾನು ಕೇಳಿಸಿಕೊಳ್ಳದವನಂತೆ ಒಳಗೆ ನಿಂತಿರುವಾಗ. ಹೇಳುತ್ತಿದ್ದಳೆಂದು ನೆನಪು.

ಮರಳಿ ಬರುವಾಗ ಹೆಬ್ಬಾಳದ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ತಮ್ಮನ ಅಡುಗೆಮನೆಯನ್ನು ಒಂದೊಂದಾಗಿ ಮನಸ್ಸಿನಲ್ಲಿ ತಡಕಿದೆ. ಅವನ ಸಿಂಕು ನಮ್ಮದಕ್ಕಿಂತ ಎರಡು ಪಟ್ಟು ಅಗಲ. ಅಡುಗೆಮನೆಗೆ ಅಂಟಿದ ಯುಟಿಲಿಟಿಯಲ್ಲಿ ಬೆಳಕು ಬರುತ್ತದೆ. ಕಾವೇರಿ ನೀರು ಇರಬಹುದು, ನಮ್ಮದು ಬೋರ್‌ವೆಲ್. ಅಷ್ಟು ಅನುಕೂಲವಿದ್ದರೆ ಯಾರು ಬೇಕಾದರೂ ಚಂದ ತೊಳೆದಾರು ಎಂದುಕೊಂಡೆ. ಸಿಗ್ನಲ್ ಬಿಟ್ಟಿದ್ದು ಹಿಂದಿನವನು ಹಾರ್ನ್ ಹೊಡೆದ ಮೇಲೆಯೇ ಗೊತ್ತಾಯಿತು. ಹೆಂಡತಿಗೆ ಹೇಳಿದಾಗ ಅವಳು ನಕ್ಕಳು. ನಾಲ್ಕು ಜನರ ಮುಂದೆ ಸಂಶಯದ ಬಗ್ಗೆ ಭಾಷಣ ಮಾಡುವವರು ನೀವು, ಸಿಂಕಿನ ಮೇಲೆ ಹೊಟ್ಟೆಕಿಚ್ಚು ಪಡುತ್ತೀರಲ್ಲ ಎಂದಳು. ಪರೀಕ್ಷೆ ಪೇಪರು ತಿದ್ದುವ ಹಾಗೆ ಸೊಪ್ಪು ತೊಳೆದರೆ ಯಾರು ತಿಂತಾರ್ರೀ ಎಂದೂ ಸೇರಿಸಿದಳು. ಆ ಎರಡನೆಯ ಮಾತಿಗೆ ಗಮನ ಕೊಡಬೇಕಿತ್ತು, ಕೊಡಲಿಲ್ಲ.

ನನ್ನ ತೊಳೆಯುವಿಕೆ ಆ ಹೊತ್ತಿಗೆ ಮೂರು ನೀರಿನಲ್ಲಿ ಉಳಿದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಈ ಊರಿನಲ್ಲಿ ಸೊಪ್ಪಿಗೆ ಯಾವ ನೀರು ಹಾಯಿಸುತ್ತಾರೆ ಎಂಬ ಸುದ್ದಿಗಳನ್ನು ಓದಿದಂತೆಲ್ಲ ನನಗೆ ಅನುಮಾನ ಬೆಳೆದಿತ್ತು. ಹಕ್ಕರಕಿ ದೂರದ ಹೊಲದಿಂದ ಬಂದದ್ದಾದರೂ ಬಸ್ಸಿನ ಟಾಪಿನ ಮೇಲೆ ಯಾವುದರ ಪಕ್ಕದಲ್ಲಿ ಕೂತು ಬಂತೋ ಯಾರಿಗೆ ಗೊತ್ತು? ಮೊದಲು ಉಪ್ಪು ನೀರು ಸೇರಿಸಿದೆ. ಆಮೇಲೆ ಅರಿಸಿನದ ನೀರು. ಬುಡದಲ್ಲಿ ಮಣ್ಣು ಅಡಗುತ್ತದೆಂದು ಬುಡವನ್ನೇ ಕತ್ತರಿಸಿ ಎಸೆಯತೊಡಗಿದೆ. ಸೊಪ್ಪಿನಲ್ಲಿ ತೇವ ಉಳಿದರೆ ಕ್ರಿಮಿ ಬೆಳೆಯುತ್ತದೆಂದು ಬೇಗ ಆರಿಸುವ ಉಪಾಯ ಹುಡುಕುತ್ತಿದ್ದಾಗ ಯಾವುದೋ ವೀಡಿಯೊ ಕಣ್ಣಿಗೆ ಬಿತ್ತು. ಅಂದಿನಿಂದ ತೊಳೆದ ಸೊಪ್ಪನ್ನು ತಲೆದಿಂಬಿನ ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ವಾಷಿಂಗ್ ಮಷೀನಿಗೆ ಹಾಕಿ ಎರಡು ನಿಮಿಷ ಬರೀ ತಿರುಗಿಸುತ್ತಿದ್ದೆ. ನೀರೆಲ್ಲ ಹೋಗಿ ಎಲೆ ಕಾಗದದ ಹಾಗೆ ಹೊರಬರುತ್ತಿತ್ತು. ಹೆಂಡತಿ ಮೊದಲ ದಿನವೇ ಇದು ಸರಿಯಲ್ಲ ಎಂದು ಮೂಗು ಮುರಿದಿದ್ದಳು. ಅದಕ್ಕೇನು ಆಧಾರ ಎಂದು ಕೇಳಿದ್ದೆ.

ಎರಡು ವಾರದ ಮೇಲೆ ತಮ್ಮ ತೊಳೆಯುವುದನ್ನು ನೋಡಲೆಂದೇ ಬೇಗ ಹೋದೆ. ಗುಟ್ಟೇನಾದರೂ ಇದ್ದರೆ ಹೊರಬೀಳಲಿ ಎಂದು. ಅವನು ಫೋನನ್ನು ಕಿಟಕಿಯ ಮೇಲಿಟ್ಟು ಆಫೀಸಿನವರ ಜೊತೆ ಜೋರಾಗಿ ಮಾತಾಡುತ್ತ, ಎಲೆಗಳನ್ನು ನೋಡದೆಯೇ, ಮೂರು ಬಾರಿ ಅದ್ದಿ ಎತ್ತಿದ. ಒಂದು ಎಲೆಯನ್ನು ಹಲ್ಲಿಗೆ ಇಟ್ಟ. ಒಗೆದ ಪಂಚೆಯ ಮೇಲೆ ಹರವಿದ. ಇಷ್ಟೇನಾ ಎಂದೆ. ಇನ್ನೇನು ಎಂದ. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ, ಉತ್ತರ ಗೊತ್ತಿದ್ದವನ ಹಾಗೆ: ನನ್ನಿಂದ ಎನ್ನುತ್ತಾನೆ, ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು.

“ಅವ್ವ ಕಲಿಸಿದ್ದಲ್ಲೇನೋ ಅಣ್ಣಾ. ಹಿತ್ತಲದಾಗ, ನೀಲಿ ಅಂಚಿನ ಬೋಗುಣಿ ಇತ್ತಲ್ಲ, ನೆನಪೈತಿಲ್ಲೊ? ತಣ್ಣನ ಕೈ ಇಲ್ಲಿ ಇಡ್ತಿದ್ಲು.” ಹಾಗೆಂದು ತನ್ನ ಕುತ್ತಿಗೆಯ ಹಿಂಭಾಗವನ್ನು ಮುಟ್ಟಿಕೊಂಡ. “ಬಾಯಾಗ ಎಲಿ ಇಟ್ಟು, ಮರಳು ಹತ್ತಿತೇನು ಅಂತ ಕೇಳ್ತಿದ್ಲು.”

ನನ್ನ ಜೇಬಿಗೆ ಯಾರೋ ಕೈ ಹಾಕಿ ಏನನ್ನೋ ತೆಗೆದ ಹಾಗಾಯಿತು. ಅದು ನಾನು ಕಣೋ ಎಂದೆ. ಇಲ್ಲ ನಾನು ಎಂದ. ನೀನಾಗ ಎರಡು ವರ್ಷದ ಕೂಸು ಎಂದೆ. ಅವನು ಆ ಬೋಗುಣಿಗೆ ತೂತು ಬಿದ್ದು ಕೋಳಿಗೆ ಕಾಳು ಹಾಕುವ ಪಾತ್ರೆಯಾದ ವರ್ಷವನ್ನು ತೆಗೆದ, ನಾನು ಹಿತ್ತಿಲಿಗೆ ಗೋಡೆ ಬಂದ ವರ್ಷವನ್ನು ತೆಗೆದೆ. ಐವತ್ತರ ಆಚೀಚಿನ ಇಬ್ಬರು ಗಂಡಸರು ಒದ್ದೆ ಕೈಯಲ್ಲಿ ನಿಂತು ಒಂದು ಎಲೆಗಾಗಿ ಜಗಳವಾಡಿದೆವು. ಬಹುಶಃ ನಾನು ಯಾವತ್ತೋ ಅವನಿಗೆ ಹೇಳಿದ ನನ್ನ ನೆನಪನ್ನು ಅವನು ತನ್ನದು ಮಾಡಿಕೊಂಡಿದ್ದಾನೆ, ಹೀಗಾಗುವುದುಂಟು ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡೆ. ಮನೆ ಮುಟ್ಟುವಾಗ ಅದೇ ಮಾತು ತಿರುಗಿ ನಿಂತಿತು. ಅವನು ಯಾವತ್ತೋ ಹೇಳಿದ್ದನ್ನು ನಾನು ನನ್ನದು ಮಾಡಿಕೊಂಡಿರಬಹುದಲ್ಲ? ಆ ರಾತ್ರಿ ಊಟಕ್ಕೆ ಕುಳಿತಾಗ ಅವ್ವನ ಖಾಲಿ ಮಣೆ ಕಣ್ಣಿಗೆ ಬಿತ್ತು. ಅವಳು ಹಿಂದಿರುಗಿ ಬರಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಬರುವುದಕ್ಕೆ ಆ ಎಲೆ ನನ್ನದಾಗಿರಬೇಕು ಎಂದು ಯಾಕೋ ಅನ್ನಿಸಿಬಿಟ್ಟಿತ್ತು.

ಎಳ್ಳಮಾವಾಸ್ಯೆ ಮುಗಿಯಲಿ, ಆಮೇಲೆ ನೋಡೋಣ ಎಂದು ಅವ್ವ ಫೋನಿನಲ್ಲಿ ಹೇಳಿದಳು. ಊರಿನಲ್ಲಾದರೆ ಅಂದು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗವೆಂದು ನೈವೇದ್ಯದ ತುತ್ತು ಚೆಲ್ಲಿ, ಎಲ್ಲರೂ ಕೂತು ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ರಾಶಿ ರಾಶಿ ಹಸಿ ಸೊಪ್ಪು. ಇಲ್ಲಿ ಹೊಲವಿಲ್ಲ. ತಮ್ಮನ ಫ್ಲ್ಯಾಟಿನ ಮಹಡಿಯ ಮೇಲೆ ಊಟ ಎಂದಾಯಿತು. ಸೊಪ್ಪು ನಾನು ತೊಳೆಯುತ್ತೇನೆಂದು ಮೊದಲೇ ಹೇಳಿಟ್ಟೆ. ತಲೆದಿಂಬಿನ ಚೀಲ ತರಬೇಡ್ರಿ ಭಾವ ಎಂದು ತಮ್ಮನ ಹೆಂಡತಿ ನಕ್ಕಳು. ನನ್ನ ಹೆಂಡತಿ ಸುದ್ದಿ ಮುಟ್ಟಿಸಿದ್ದಳು.

ಅಂದು ಹಕ್ಕರಕಿಯನ್ನು ನಾನು ಒಯ್ದಿದ್ದೆ. ಮೆಂತ್ಯ, ಈರುಳ್ಳಿ ತಪ್ಪಲು ತರಲು ತಮ್ಮ ನನ್ನನ್ನು ಅಪಾರ್ಟ್‌ಮೆಂಟಿನ ಹಿಂದಿನ ಓಣಿಗೆ ಕರೆದೊಯ್ದ. ಅಲ್ಲಿ ಹಳೇ ಊರಿನ ಅಜ್ಜಿಯೊಬ್ಬಳು ಮೂರು ಬಾಡಿಗೆ ಮನೆಗಳ ನಡುವೆ ಉಳಿದ ಅಂಗೈ ಅಗಲದ ಜಾಗದಲ್ಲಿ ಇನ್ನೂ ಮಡಿ ಕಟ್ಟಿ ಸೊಪ್ಪು ಬೆಳೆಯುತ್ತಾಳೆ. ಮನೆಗಳು ಅವಳವೇ. ಮಕ್ಕಳು ಬೇಡ ಅಂದರೂ ಬಿಟ್ಟಿಲ್ಲ. ನಾನು ನೀರು ಎಲ್ಲಿಯದು, ಗೊಬ್ಬರ ಯಾವುದು, ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಕೇಳಿದೆ. ಅವಳು ಕಟ್ಟು ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತಮ್ಮನ ಕಡೆ ತಿರುಗಿ ಕೇಳಿದಳು:

“ಇವ್ರು ನಿಮ್ಮಣ್ಣಾನಾ? ಒಟ್ಟೆಗೆ ಏನ್ ತಿಂತಾರೆ ಪಾಪ, ಇಂಗೆ ಎಲ್ಲಾದ್ಕೂ ಎದ್ರುಕೊಂಡ್ರೆ?”

ತಮ್ಮ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ತಮ್ಮನ ಸಿಂಕಿನ ಮುಂದೆ ನಿಂತೆ. ಉಪ್ಪಿಲ್ಲ, ಅರಿಸಿನವಿಲ್ಲ. ಹಕ್ಕರಕಿಯ ಬುಡವನ್ನು ಕತ್ತರಿಸದೆ ಹೆಬ್ಬೆರಳಿನಿಂದ ಬಿಡಿಸಿದೆ. ಒಳಗೆ ಕೆಂಪು ಮಣ್ಣಲ್ಲ, ನಮ್ಮ ಕಡೆಯ ಕಪ್ಪು ಎರೆಮಣ್ಣು ಅಂಟಿಕೊಂಡಿತ್ತು. ಅಂಟು ಬಿಡಲು ಎರಡನೆಯ ನೀರನ್ನು ಎರಡು ಸಲ ಮಾಡಬೇಕಾಯಿತು. ಬೆರಳಿಗೆ ಹಾಲು ಹತ್ತಿ ಕಪ್ಪಾಯಿತು. ಮೂರನೆಯ ನೀರು ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಂದು ಎಲೆಯನ್ನು ಹಲ್ಲಿಗೆ ಇಟ್ಟೆ. ಕಹಿ ಇತ್ತು. ಎಷ್ಟು ದಿನವಾಗಿತ್ತು ಆ ಕಹಿ ನಾಲಿಗೆಗೆ ಬಿದ್ದು.

ಮಹಡಿಯ ಮೇಲೆ ಚಾಪೆ ಹಾಸಿ ಎಲ್ಲರೂ ಕುಳಿತೆವು. ಅವ್ವ ಹೊಲಕ್ಕೆ ಚೆಲ್ಲುವ ಚರಗವನ್ನು ನಾಲ್ಕು ಹೂಕುಂಡಗಳಿಗೆ ಚೆಲ್ಲಿ ಬಂದು ತಟ್ಟೆ ಎಳೆದುಕೊಂಡಳು. ರೊಟ್ಟಿ ಮುರಿದು, ಹಕ್ಕರಕಿಯ ದಂಟು ಬಾಯಿಗಿಟ್ಟಳು. ನಾನು ನನ್ನ ತಟ್ಟೆಯನ್ನು ನೋಡುತ್ತಿರುವವನಂತೆ ಕುಳಿತೆ. ಅವಳು ಇನ್ನೊಂದು ತೆಗೆದುಕೊಂಡಳು. ಮೂರನೆಯದನ್ನು ಎತ್ತುತ್ತ ತಮ್ಮನಿಗೆ ಹೇಳಿದಳು:

“ತಮ್ಮಾ, ನಿನ್ನ ಕೈಯಂದು ಬಾಯಿಗಿ ಗೊತ್ತಾಗ್ತದ ನೋಡು.”

ಅಣ್ಣ ತೊಳೆದಿದ್ದು ಎಂದು ತಮ್ಮ ಹೇಳಿದ. ತಡಮಾಡದೆ ಹೇಳಿದ, ಅದನ್ನು ಒಪ್ಪಿಕೊಳ್ಳಬೇಕು. ಅವ್ವ ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ನೋಡಿದಳು, ನನ್ನನ್ನು ನೋಡಿದಳು.

“ಹೌದೇನು? ಮತ್ತ ನಿಮ್ಮ ಮನ್ಯಾಗಿಂದು ಯಾಕ ಸಬಕಾರ ನಾರ್ತದ?”

ಸಬಕಾರ ಎಂದರೆ ಸೋಪು. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಟ್ಟೆಗೆ ಹಾಕುವ ಪುಡಿಯ ವಾಸನೆ ಡ್ರಮ್ಮಿನಲ್ಲಿ ಉಳಿದು, ತಲೆದಿಂಬಿನ ಚೀಲವನ್ನು ದಾಟಿ, ಒಂದೂವರೆ ವರ್ಷ ಅವ್ವನ ತಟ್ಟೆಗೆ ಬೀಳುತ್ತಿತ್ತು. ಎಲ್ಲವನ್ನೂ ಅನುಮಾನಿಸಿದ ನಾನು ಮಷೀನನ್ನು ಅನುಮಾನಿಸಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀ ಅಷ್ಟೊತ್ತು ನಿಂತು ತೊಳೀತಿದ್ದಿ, ಹ್ಯಾಂಗ ಹೇಳ್ಲಿ ಎಂದಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ. ಆದರೂ ಬಾಯಿ ಸುಮ್ಮನಿರಲಿಲ್ಲ. ಇದೇ ಸಮಯ ಎನ್ನಿಸಿ ಕೇಳಿಬಿಟ್ಟೆ: ಹಿತ್ತಿಲಿನಲ್ಲಿ ಸೊಪ್ಪು ತೊಳೆಯುವಾಗ ಬಾಯಿಗೆ ಎಲೆ ಇಟ್ಟು ನೋಡಿಸುತ್ತಿದ್ದೆಯಲ್ಲ, ಅದು ನನಗೋ, ಇವನಿಗೋ?

ತಮ್ಮನೂ ತಿನ್ನುವುದನ್ನು ನಿಲ್ಲಿಸಿದ. ಅವ್ವ ನಮ್ಮಿಬ್ಬರನ್ನೂ ನೋಡಿದಳು, ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೀರಿ ಎನ್ನುವ ಹಾಗೆ.

“ನಾ ಯಾವಾಗ ತೊಳದೀನೋ? ಆ ಹೊತ್ತಿನಾಗ ನಾ ಒಲಿ ಮುಂದ ರೊಟ್ಟಿ ಬಡೀತಿದ್ದೆ. ಹಿಟ್ಟಿನ ಕೈಲೆ ಪಲ್ಲೆ ತೊಳೀತಾರೇನು? ನಿಮ್ಮಪ್ಪ ತೊಳೀತಿದ್ರು.”

ಅಪ್ಪ. ಊಟದ ಹೊತ್ತಿಗೆ ಮಾತಾಡಿದರೆ ಕಣ್ಣು ಬಿಡುತ್ತಿದ್ದ, ನಮ್ಮನ್ನು ಮುಟ್ಟಿ ಮಾತಾಡಿಸಿದ್ದು ಜ್ವರ ಬಂದಾಗ ಮಾತ್ರ ಎಂದು ನಾವಿಬ್ಬರೂ ಎಷ್ಟೋ ಸಲ ಹೇಳಿಕೊಂಡ ಅಪ್ಪ. ಹಿಟ್ಟು ನಾದುವ, ಹೆಂಚಿನ ಕಾವಿನಲ್ಲಿದ್ದ ಕೈ ತಣ್ಣಗಿರುವುದು ಸಾಧ್ಯವಿರಲಿಲ್ಲ. ಆ ಒಂದು ಸಣ್ಣ ಸಂಗತಿ ಇಷ್ಟು ವರ್ಷ ನನ್ನ ನೆನಪಿನೊಳಗೇ ಕೂತಿತ್ತು, ನಾನು ಅದನ್ನು ಓದಿರಲಿಲ್ಲ.

ಯಾರ ಬಾಯಿಗೆ ಇಡುತ್ತಿದ್ದರು ಎಂದು ತಮ್ಮ ಮೆಲ್ಲಗೆ ಕೇಳಿದ.

“ನನಗೇನ ಗೊತ್ತು. ನನ್ನ ಬೆನ್ನ ಹಿಂದ ನಡೀತಿತ್ತು ಅದೆಲ್ಲಾ.” ಅವ್ವ ರೊಟ್ಟಿಯ ಮೇಲೆ ಹಿಂಡಿ ಹಾಕಿಕೊಂಡಳು. ಆಮೇಲೆ ಅಂದಳು: “ನೀವು ನಗೂದು ಕೇಳ್ತಿತ್ತು. ನಾ ಒಳಗ ಕುಂತು ಉರಕೋತಿದ್ದೆ. ಹೊಗಿ ಕುಡದು ಬಡದ ರೊಟ್ಟಿ ಬಗ್ಗೆ ಯಾರೂ ಒಂದ್ ಮಾತು ಅಂದವರಲ್ಲ. ಅಪ್ಪ ತೊಳದ ಪಲ್ಲೆ, ಅಪ್ಪ ತೊಳದ ಪಲ್ಲೆ.”

ಅವಳು ಅದನ್ನು ನಗುತ್ತ ಹೇಳಿದಳೋ ಇಲ್ಲವೋ ಎಂಬುದರಲ್ಲಿ ನನಗೂ ತಮ್ಮನಿಗೂ ಈಗಾಗಲೇ ಭಿನ್ನಾಭಿಪ್ರಾಯವಿದೆ. ನಾನು ಕೈ ಚಾಚಿ ಅವಳ ತಟ್ಟೆಯ ರೊಟ್ಟಿಯನ್ನು ಒಂದು ತುಂಡು ಮುರಿದುಕೊಂಡೆ. ಬಿಸಿ ಆರಿ ಗಟ್ಟಿಯಾಗಿತ್ತು. ಹೇಗಿದೆ ಎಂದು ಅವಳು ಕೇಳಲಿಲ್ಲ. ಅದನ್ನು ಬಡಿದವಳು ತಮ್ಮನ ಹೆಂಡತಿ.

ಕೈ ತೊಳೆದ ಮೇಲೆ ನನಗೆ ಬೇಕಾದ ಮಾತನ್ನು ಕೇಳಿದೆ: ನಾಳೆ ಕೌದಿ ಕಟ್ಟಲೇ? ಇನ್ನು ಮಷೀನಿಗೆ ಹಾಕುವುದಿಲ್ಲ. ಅವ್ವ ನನ್ನ ಬೆರಳಿನ ಕಪ್ಪನ್ನು ತನ್ನ ಸೆರಗಿನಿಂದ ಒರೆಸಲು ನೋಡಿದಳು, ಅದು ಹೋಗಲಿಲ್ಲ.

“ಶಿವರಾತ್ರಿ ಹೊತ್ತಿಗೆ ಹಕ್ಕರಕಿ ಬಲೀತದ. ಆಮ್ಯಾಲ ಬರ್ತೀನಿ. ಆವಾಗ ನೀ ಏನೂ ತೊಳಿಯೂದಿರಂಗಿಲ್ಲ, ಇಬ್ಬರಿಗೂ ಹಗುರ.”

ಹಾಗಾಗಿ ಈಗ ಪ್ರತಿ ಭಾನುವಾರ ನಾನೇ ತಣಿಸಂದ್ರಕ್ಕೆ ಹೋಗುತ್ತೇನೆ. ಮೊದಲ ಭಾನುವಾರ ಒಂಬತ್ತಕ್ಕೆ ಹೋದೆ, ಇಬ್ಬರೂ ಸೇರಿ ತೊಳೆದೆವು. ಮುಂದಿನ ವಾರ ಎಂಟೂವರೆಗೆ ಹೋದೆ, ತಮ್ಮ ಎದ್ದಿರಲಿಲ್ಲ, ಒಬ್ಬನೇ ತೊಳೆದು ಮುಗಿಸಿದೆ. ಅವ್ವ ಎರಡು ರೊಟ್ಟಿ ತಿಂದಳು. ಹೋದ ವಾರ ಎಂಟಕ್ಕೇ ಹೋದೆ. ಸೊಪ್ಪು ಆಗಲೇ ತೊಳೆದು ಪಂಚೆಯ ಮೇಲೆ ಹರವಿತ್ತು. ತಮ್ಮ ಸ್ನಾನ ಮಾಡಿ, ಕಾಫಿ ಹಿಡಿದು, ಪೇಪರು ಓದುತ್ತ ಕುಳಿತಿದ್ದ. ಬಾ ಅಣ್ಣಾ ಎಂದ, ಪೇಪರಿನಿಂದ ತಲೆ ಎತ್ತದೆ.

ನಾನು ಸೊಪ್ಪನ್ನೆಲ್ಲ ಬಾಚಿ ಮತ್ತೆ ಬೋಗುಣಿಗೆ ಹಾಕಿದೆ. ತೊಳೆದದ್ದನ್ನೇ ತೊಳೆಯುತ್ತಾನೆ ಎಂದು ಅವ್ವ ಕುರ್ಚಿಯಿಂದಲೇ ಯಾರಿಗೋ ಹೇಳಿದಳು. ಒಂದೊಂದೇ ಎತ್ತಿ ಪಂಚೆಯ ಮೇಲಿಟ್ಟೆ. ನೀರನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಎರಡು ಕಾಳು ಮರಳು ಇತ್ತು. ಬೆರಳ ತುದಿಗೆ ಹತ್ತಿಸಿಕೊಂಡು ಹೋಗಿ ತಮ್ಮನ ಪೇಪರಿನ ಮೇಲೆ ಇಟ್ಟೆ. ಅವನು ಬಗ್ಗಿ ನೋಡಿ, ಏನೂ ಕಾಣುತ್ತಿಲ್ಲವಲ್ಲ ಎಂದ.

ಇತ್ತು. ಇತ್ತೆಂದೇ ನೆನಪು.